ಸ್ವರಕ್ಕೆ ಅಚ್ಚುಮೊಳೆ: ಮಿರಜಿನ ಶಿಷ್ಯನ ಸಾಹಸ

ಸಂಗೀತ ಪರೀಕ್ಷೆಗೆ ಕೂಡುವ ಸಾಂಗ್ಲಿ, ಮಿರಜದ ಮಕ್ಕಳ ಕೈಯಲ್ಲಿ ಸ್ವರಲಿಪಿಯ ಪುಸ್ತಕವಿರುತ್ತದೆ. ಒಂದು ಕಾಲಕ್ಕೆ ಅಂಥ ಪುಸ್ತಕವೇ ಅಪರೂಪವಾಗಿತ್ತು. ವಿದ್ಯೆಯು ಗುರುಮುಖದಿಂದಲೇ ದೊರೆಯಬೇಕಾಗಿತ್ತು. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇರಲಾಗದವರಿಗೆ ಅದು ದಕ್ಕುತ್ತಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಲು ಹೊರಟವರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಪ್ರಮುಖರು. 1872ರಲ್ಲಿ ಕುರುಂದವಾಡದಲ್ಲಿ ಜನಿಸಿದ ಅವರ ದೃಷ್ಟಿ ಬಾಲ್ಯದಲ್ಲಿಯೇ ಪಟಾಕಿ ಸಿಡಿದು ಮಂದವಾಯಿತು. ಶಾಲೆಯ ಓದು ನಿಂತು, ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಗಾಯನಾಭ್ಯಾಸ ಆರಂಭವಾಯಿತು. 1901ರ ಮೇ 5ರಂದು ಅವರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ತರಗತಿಯಲ್ಲಿ ಹಲವರಿಗೆ ಒಮ್ಮೆಗೇ ಕಲಿಸಲು ಪಠ್ಯಪುಸ್ತಕ ಬೇಕಾಯಿತು. ಕಣ್ಣು ಮಂದವಾಗಿದ್ದ ಗಾಯಕರೇ ಸ್ವರಲಿಪಿಯನ್ನು ರೂಪಿಸಿ, ಪುಸ್ತಕಗಳಿಗಾಗಿ ಸ್ವಂತ ಮುದ್ರಣಾಲಯವನ್ನೂ ನಡೆಸಿದರು.

ಸಾಮಾನ್ಯ ಬರಹಕ್ಕೆ ಅಕ್ಷರದ ಮೊಳೆಗಳನ್ನು ಸಾಲಾಗಿ ಜೋಡಿಸಿದರೆ ಸಾಕು. ಸ್ವರಲಿಪಿಗೆ ಹಾಗಲ್ಲ. ಸ್ವರಾಕ್ಷರದ ಮೇಲೆ ಸಪ್ತಕದ ಗುರುತು, ಕೆಳಗೆ ಒಂದು, ಅರ್ಧ, ಕಾಲು ಮಾತ್ರೆಗಳ ಗುರುತು, ಅದರೊಡನೆ ಹಾಡಿನ ಸಾಹಿತ್ಯ: ಇವೆಲ್ಲ ಒಂದಕ್ಕೊಂದು ನೇರವಾಗಿ ಕೂಡಬೇಕು. ಮೊಳೆ ತುಸು ಸರಿದರೂ ತಾಳ ತಪ್ಪುತ್ತದೆ. ಬಿಂದುವೊಂದು ಬಿದ್ದುಹೋದರೆ ಸಪ್ತಕವೇ ಬದಲಾಗುತ್ತದೆ.

ಅದೇ ಕಾಲದ ಭಾತಖಂಡೆಯವರ ಲಿಪಿಯಲ್ಲಿ ಚಿಹ್ನೆಗಳು ಕಡಿಮೆ. ಅಲ್ಲಿ ಸ್ವರದ ಮೇಲಿನ ಬಿಂದು ತಾರ ಸಪ್ತಕವನ್ನು ಸೂಚಿಸಿದರೆ, ಪಲುಸ್ಕರರ ಲಿಪಿಯಲ್ಲಿ ಅದೇ ಬಿಂದು ಮಂದ್ರವನ್ನು ಸೂಚಿಸುತ್ತದೆ. ಪುಸ್ತಕ ಯಾವ ಪದ್ಧತಿಯದೆಂದು ಮಕ್ಕಳು ಮೊದಲೇ ತಿಳಿದಿರಬೇಕು.

ಪಶ್ಚಿಮದಲ್ಲಿಯೂ ಈ ಕೆಲಸ ಸುಲಭವಾಗಿರಲಿಲ್ಲ. 1501ರಲ್ಲಿ ವೆನಿಸ್ಸಿನ ಪೆತ್ರುಚ್ಚಿಯು ಗೆರೆಗಳಿಗೊಮ್ಮೆ, ಸ್ವರಚಿಹ್ನೆಗಳಿಗೊಮ್ಮೆ ಎಂದು ಒಂದೇ ಹಾಳೆಯನ್ನು ಹಲವು ಬಾರಿ ಅಚ್ಚಿಗೊಡ್ಡಿದನು. ಸಂಗೀತ ಚಿಹ್ನೆಗಳನ್ನೇ ಒತ್ತುವ ಕೀಟನ್ ಬೆರಳಚ್ಚು ಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದು 1936ರಲ್ಲಿ. ಸ್ವರಗಳನ್ನು ಅಕ್ಷರಗಳಿಂದಲೇ ಬರೆಯುವ ಭಾರತೀಯ ಪದ್ಧತಿಗೆ ಮಾತ್ರ ಸಾಮಾನ್ಯ ಅಚ್ಚುಕೂಟದ ಮೊಳೆಗಳೇ ಆಧಾರವಾದವು.

ಈ ಸಾಹಸಕ್ಕೆ ತೆತ್ತ ಬೆಲೆ ದೊಡ್ಡದು. 1920ರ ದಶಕದಲ್ಲಿ ಸಾಲದ ಹೊರೆಯಿಂದ ಮುಂಬಯಿಯ ವಿದ್ಯಾಲಯದ ಕಟ್ಟಡವು ಕೈಬಿಟ್ಟುಹೋಯಿತು. 1931ರ ಆಗಸ್ಟ್ 21ರಂದು ಪಲುಸ್ಕರರು ತಾವು ಕಲಿತ ಮಿರಜದಲ್ಲಿಯೇ ಕೊನೆಯುಸಿರೆಳೆದರು. ಅದೇ ವರ್ಷ ಶಿಷ್ಯರು ಕಟ್ಟಿದ ಗಾಂಧರ್ವ ಮಹಾವಿದ್ಯಾಲಯ ಮಂಡಲಕ್ಕೆ ಇಂದು ಮಿರಜವೇ ನೆಲೆ.

ಆ ಪುಸ್ತಕಗಳ ಲಿಪಿ ದೇವನಾಗರಿ. ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮರಾಠಿಯನ್ನೂ ಓದುವ ಗಡಿನಾಡಿನ ಮಗುವಿಗೆ ಅದು ಪರಕೀಯವಲ್ಲ. ಅಕ್ಷರದ ನೆತ್ತಿಯ ಮೇಲಿನ ಚಿಕ್ಕ ಬಿಂದುವನ್ನು ಕಂಡಾಗ, ಅದನ್ನು ಅಲ್ಲಿ ನಿಲ್ಲಿಸಲು ಪಟ್ಟ ಶ್ರಮವನ್ನು ಹಿರಿಯರು ಮಕ್ಕಳಿಗೆ ಹೇಳಬೇಕು.