ಸರ್ಕಾರಿ ಹರಾಜಿನ ವೆಲ್ಡಿಂಗ್ ಮಷಿನ್: ಬಿಡ್ ಒತ್ತುವ ಮೊದಲು

ಮಳೆ ಬಿದ್ದು ನೆಲ ಹದಕ್ಕೆ ಬಂದ ದಿನವೇ ಕಲ್ಟಿವೇಟರಿನ ಕಾಲು ಮುರಿಯುತ್ತೆ. ಟ್ರೇಲರ್ ಹುಕ್ ಬಾಯಿ ಬಿಡೋದು, ಗೇಟಿನ ಕೀಲು ಕಿತ್ತು ಬರೋದು ಕೂಡ ಅವತ್ತೇ. ಹತ್ತು ನಿಮಿಷದ ವೆಲ್ಡಿಂಗ್ ಕೆಲಸಕ್ಕೆ ಪೇಟೆಗೆ ಹೋಗಿ, ಅಲ್ಲಿ ಮೊದಲೇ ನಿಂತಿರುವ ನಾಲ್ಕು ಟ್ರ್ಯಾಕ್ಟರಿನ ಹಿಂದೆ ಕಾಯ್ದು ವಾಪಸ್ ಬರೋ ಹೊತ್ತಿಗೆ ಹದ ಆರಿರುತ್ತೆ. ಹಾಗಾಗಿ ಸ್ವಂತ ಮಷಿನ್ ಇದ್ದರೆ ಚೆನ್ನಾಗಿತ್ತು ಅಂತ ಎಲ್ಲರಿಗೂ ಅನ್ನಿಸೋದು ಸಹಜ. ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಬರುತ್ತೆ: "ಸರ್ಕಾರಿ ಹರಾಜು, ವೆಲ್ಡಿಂಗ್ ಮಷಿನ್ ಬರೀ 5 ಸಾವಿರ!"

ಆ ಮೆಸೇಜ್ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಳೆದ ವರ್ಷ ನಾವು ಮೂವರು ಸೇರಿ ಇಂಥದ್ದೇ ಒಂದು ಲಾಟ್ ಹಿಡಿದೆವು. ನನ್ನ ಜೊತೆ ಇದ್ದವರು ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಣ್ಣ ಒಬ್ಬರು, ಐಟಿಐಯಲ್ಲಿ ವೆಲ್ಡರ್ ಕಲಿತು ಈಗ ಹೊಲ ನೋಡಿಕೊಳ್ಳುವ ಗೆಳೆಯ ಒಬ್ಬ. ಮಾರಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಲೆಕ್ಕವನ್ನು ಮಾತ್ರ ಬಿಚ್ಚಿ ಹೇಳ್ತೀನಿ.

ಮೊದಲು ಈ ಹರಾಜು ಎಲ್ಲಿ ನಡೆಯುತ್ತೆ ಅನ್ನೋದು. ಕೇಂದ್ರ ಸರ್ಕಾರದ ಉದ್ದಿಮೆಗಳು, ಎಷ್ಟೋ ರಾಜ್ಯ ಸಂಸ್ಥೆಗಳು ತಮಗೆ ಬೇಡವಾದ ಸಾಮಾನನ್ನು ಎಂಎಸ್‌ಟಿಸಿ ಮೂಲಕ ಆನ್‌ಲೈನಿನಲ್ಲಿ ಹರಾಜು ಹಾಕುತ್ತವೆ. ಎಂಎಸ್‌ಟಿಸಿ 1964ರಲ್ಲಿ ಶುರುವಾದ, ಉಕ್ಕು ಸಚಿವಾಲಯದ ಅಡಿ ಬರುವ ಕಂಪನಿ. ರೈಲ್ವೆಗೆ ಐಆರ್‌ಇಪಿಎಸ್ ಅನ್ನುವ ತನ್ನದೇ ಪೋರ್ಟಲ್ ಇದೆ. ಜೆಮ್ ಪೋರ್ಟಲಿನಲ್ಲೂ ಹರಾಜಿನ ವಿಭಾಗ ಇದೆ. ಇವಲ್ಲದೆ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿ, ಪೇಪರಿನಲ್ಲಿ ಸಣ್ಣ ಜಾಹೀರಾತು ಹಾಕಿ ಸ್ಥಳದಲ್ಲೇ ಕೂಗುವ ಹರಾಜುಗಳೂ ಉಂಟು. ಇವುಗಳ ಹೊರಗೆ, ಯಾರದೋ ಫೋನ್‌ಪೇ ನಂಬರಿಗೆ "ಅಡ್ವಾನ್ಸ್ ಹಾಕಿ, ಮಿಲಿಟರಿ ಮಾಲು ಬುಕ್ ಮಾಡ್ತೀನಿ" ಅಂದರೆ ಅದು ಮೋಸ, ಮುಂದಕ್ಕೆ ಓದೋದೇ ಬೇಡ. ಸರ್ಕಾರಿ ಹರಾಜಿನ ದುಡ್ಡು ಯಾವತ್ತೂ ಒಬ್ಬ ವ್ಯಕ್ತಿಯ ಖಾತೆಗೆ ಹೋಗಲ್ಲ.

ಮಷಿನ್ ನೋಡೋಕೆ ಮುಂಚೆ ಮನೆಯ ಕರೆಂಟ್ ನೋಡಿ

ಎಲ್ಲರೂ ಮಷಿನ್ ಬಗ್ಗೆ ಕೇಳ್ತಾರೆ, ಕರೆಂಟ್ ಬಗ್ಗೆ ಯಾರೂ ಕೇಳಲ್ಲ. ನನ್ನ ಪ್ರಕಾರ ಇಡೀ ವಿಷಯದ ಬೇರು ಇಲ್ಲೇ ಇದೆ.

ಹರಾಜಿಗೆ ಬರುವ ಹಳೆಯ ಮಷಿನ್‌ಗಳಲ್ಲಿ ಹೆಚ್ಚಿನವು ಟ್ರಾನ್ಸ್‌ಫಾರ್ಮರ್ ಮಷಿನ್‌ಗಳು. 300 ಆಂಪ್, 400 ಆಂಪ್, ಕೆಲವು ಗಾಳಿಯಲ್ಲಿ ತಣಿಯುವಂಥವು, ಕೆಲವು ಎಣ್ಣೆ ತುಂಬಿದವು. ಇವಕ್ಕೆ ಸಾಮಾನ್ಯವಾಗಿ ಎರಡು ಫೇಸ್, ಅಂದರೆ 415 ವೋಲ್ಟ್ ಬೇಕು. ಲೆಕ್ಕ ಹಾಕಿ ನೋಡೋಣ. ರಾಡ್ ಮುಟ್ಟಿಸದೆ ಇರುವಾಗ ಇಂಥ ಮಷಿನ್ನಿನ ಹೊರಗಿನ ತುದಿಯಲ್ಲಿ ಸುಮಾರು 75 ವೋಲ್ಟ್ ಇರುತ್ತೆ. 3.15 ಎಂಎಂ ರಾಡಿಗೆ ಒಂದು 110 ಆಂಪ್ ಬೇಕು. ಎರಡನ್ನೂ ಗುಣಿಸಿದರೆ 8 ಕೆವಿಎ ದಾಟುತ್ತೆ. 415 ವೋಲ್ಟಿನಲ್ಲಿ ಅದು ಸುಮಾರು 20 ಆಂಪ್. 230 ವೋಲ್ಟಿನ ಮನೆ ಲೈನಿನಲ್ಲಿ ಅಷ್ಟೇ ಕೆಲಸಕ್ಕೆ 36 ಆಂಪ್ ಎಳೆಯುತ್ತೆ. ಮನೆ ವೈರಿಂಗ್ ತಡೆಯೋ ಮಾತೇ ಅಲ್ಲ. ನೀವು ರಾಡ್ ಮುಟ್ಟಿಸಿದಾಗಲೆಲ್ಲ ಪಕ್ಕದ ಮನೆಯವರ ಬಲ್ಬು ಮಂಕಾಗಿ ಜಗಳ ಶುರುವಾಗುತ್ತೆ, ಅದು ಬೇರೆ.

"ಬೋರ್‌ವೆಲ್ಲಿಗೆ ಮೂರು ಫೇಸ್ ಇದೆಯಲ್ಲ?" ಅಂತ ಕೇಳ್ತೀರಿ. ಇದೆ. ಆದರೆ ಐಪಿ ಸೆಟ್ಟಿನ ಸಂಪರ್ಕ ಕೊಟ್ಟಿರೋದು ನೀರೆತ್ತೋಕೆ ಮಾತ್ರ. ಅದರಲ್ಲಿ ವೆಲ್ಡಿಂಗ್ ಮಾಡೋದು ಕಾನೂನಿನ ಕಣ್ಣಲ್ಲಿ ಅನಧಿಕೃತ ಬಳಕೆ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ, ಆ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು ಲೆಕ್ಕ ಹಾಕಿ ಬಿಲ್ ಕೊಡಬಹುದು. ಎಲ್ಲರೂ ಮಾಡ್ತಾರೆ, ಯಾರು ಕೇಳ್ತಾರೆ ಅನ್ನೋ ಮಾತು ಸ್ಕ್ವಾಡ್ ಬರುವ ದಿನದ ತನಕ ಮಾತ್ರ ನಡೆಯುತ್ತೆ. ಅದೂ ಅಲ್ಲದೆ ಹೊಲದ ಲೈನಿನಲ್ಲಿ ಮೂರು ಫೇಸ್ ಇರೋದು ದಿನಕ್ಕೆ 7 ತಾಸು. ಆ 7 ತಾಸು ಪಂಪಿಗೇ ಸಾಲಲ್ಲ.

ನಾವು ಧೈರ್ಯ ಮಾಡಿದ್ದಕ್ಕೆ ಗಿರಣಿ ಅಣ್ಣನ ಕೈಗಾರಿಕಾ ಸಂಪರ್ಕವೇ ಕಾರಣ. ಗಿರಣಿ ನಿಂತಾಗ ಮಾತ್ರ ವೆಲ್ಡಿಂಗ್, ಮಂಜೂರಾದ ಲೋಡ್ ಮೀರಬಾರದು ಅನ್ನೋದು ನಮ್ಮೊಳಗಿನ ಒಪ್ಪಂದ. ನಿಮಗೆ ಅಂಥ ಸಂಪರ್ಕ ಇಲ್ಲ, ಮನೆಯ ಸಿಂಗಲ್ ಫೇಸ್ ಒಂದೇ ಗತಿ ಅಂದರೆ ಹರಾಜು ಬಿಟ್ಟುಬಿಡಿ. ಅಂಗಡಿಯಲ್ಲಿ ಹೊಸ 200 ಆಂಪಿನ ಇನ್ವರ್ಟರ್ ಮಷಿನ್ ತಗೊಂಡು, ಅದಕ್ಕೆ ಪ್ರತ್ಯೇಕ ದಪ್ಪ ವೈರು, ಎಂಸಿಬಿ ಹಾಕಿಸಿ, 2.5 ಎಂಎಂ ರಾಡಿನಲ್ಲಿ ಕೆಲಸ ಮಾಡಿಕೊಳ್ಳಿ. ಮನೆ ಮಟ್ಟದ ರಿಪೇರಿಗೆ ಅದು ಧಾರಾಳ.

ಕ್ಯಾಟಲಾಗ್ ಓದೋದು

ಎಂಎಸ್‌ಟಿಸಿಯಲ್ಲಿ ಖರೀದಿದಾರರಾಗಿ ನೋಂದಣಿ ಆಗಬೇಕು. ಪ್ಯಾನ್, ಬ್ಯಾಂಕ್ ವಿವರ, ವಿಳಾಸದ ದಾಖಲೆ, ನೋಂದಣಿ ಶುಲ್ಕ ಬೇಕು. ಜಿಎಸ್‌ಟಿ ನಂಬರ್ ಇಲ್ಲದವರಿಗೆ ಏನು ದಾರಿ ಅಂತ ಆಯಾ ಹರಾಜಿನ ಷರತ್ತಿನಲ್ಲೇ ನೋಡಬೇಕು. ಇದೆಲ್ಲ ಎರಡು ದಿನದ ಕೆಲಸ ಅಲ್ಲ, ಹರಾಜಿನ ಹಿಂದಿನ ರಾತ್ರಿ ಶುರು ಮಾಡಿದರೆ ಆಗಲ್ಲ.

ಕ್ಯಾಟಲಾಗ್ ಮೊಬೈಲಿನಲ್ಲಿ ಓದೋಕೆ ಹಿಂಸೆ, ಆದರೂ ಪೂರ್ತಿ ಓದಿ. ಅದರಲ್ಲಿ ಒಂದು ಮಾತು ಎಲ್ಲ ಕಡೆ ಇರುತ್ತೆ: ಇದ್ದಲ್ಲಿ, ಇದ್ದ ಹಾಗೆ. ತಗೊಂಡ ಮೇಲೆ ಒಳಗೆ ಕಾಯಿಲ್ ಇರಲಿಲ್ಲ ಅಂದರೂ ಕೇಳುವವರಿಲ್ಲ. ಇನ್ನೊಂದು, ದರ ಯಾವುದಕ್ಕೆ ಅನ್ನೋದು. ಕೆಲವು ಲಾಟಿಗೆ ಪೂರ್ತಿ ಲಾಟಿನ ಮೇಲೆ ಬಿಡ್, ಕೆಲವಕ್ಕೆ ಒಂದೊಂದು ನಗದ ಮೇಲೆ, ಕೆಲವಕ್ಕೆ ಟನ್ನಿನ ಮೇಲೆ. ಒಂದು ನಗದ ದರ ಕೇಳಿದ ಲಾಟಿಗೆ ಇಡೀ ಲಾಟಿನ ದರ ಒತ್ತಿದರೆ ಗೋವಿಂದ. ಒತ್ತಿದ ಬಿಡ್ ವಾಪಸ್ ಬರಲ್ಲ, ಹಿಂದೆ ಸರಿದರೆ ಇಎಂಡಿ ಹೋಗುತ್ತೆ. ಎಸ್‌ಟಿಎ ಅಂತ ಬರೆದಿದ್ದರೆ, ನಿಮ್ಮದೇ ಹೆಚ್ಚಿನ ಬಿಡ್ ಆದರೂ ಮಾರುವವರು ಒಪ್ಪಿದ ಮೇಲೇ ಅದು ನಿಮ್ಮದು. ಹಳೆ ಎಣ್ಣೆ, ಹಳೆ ಬ್ಯಾಟರಿಗಳದ್ದೇ ಲಾಟ್ ಇದ್ದರೆ ಅದು ಅಧಿಕೃತ ಮರುಬಳಕೆದಾರರಿಗೆ ಮಾತ್ರ, ನಾವು ಕೈ ಹಾಕೋ ಹಾಗಿಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಅಂದರೆ ನಮಗೆ ಬೇಕಾದ ಒಂದು ಮಷಿನ್ ಒಂದೇ ಬರಲ್ಲ. ನಾವು ಹಿಡಿದ ಲಾಟಿನಲ್ಲಿ ಎರಡು ಗಾಳಿ ಮಷಿನ್, ಒಂದು ಎಣ್ಣೆ ಮಷಿನ್, ಹರಿದ ಕೇಬಲ್, ತುಕ್ಕು ಹಿಡಿದ ಒಂದು ಬೆಂಚ್ ಸೇರಿದ್ದವು. ಹಾಗಾಗಿ ಒಬ್ಬರೇ ಹೋಗೋ ಬದಲು ಮೂರ್ನಾಲ್ಕು ಜನ ಸೇರೋದು ಒಳ್ಳೇದು. ಯಾರಿಗೆ ಯಾವುದು, ಯಾರು ಎಷ್ಟು ಹಾಕೋದು ಅಂತ ಮೊದಲೇ ಚೀಟಿ ಬರೆದು ಸಹಿ ಹಾಕಿಕೊಳ್ಳಿ. ಅಣ್ಣ ತಮ್ಮಂದಿರೇ ಆದರೂ ಸರಿ.

ನೋಡೋಕೆ ಹೋದ ದಿನ

ಹರಾಜಿಗೆ ಮುಂಚೆ ಸಾಮಾನು ನೋಡೋಕೆ ದಿನ ಕೊಟ್ಟಿರ್ತಾರೆ. ಫೋಟೋ ನೋಡಿ ಬಿಡ್ ಮಾಡುವವರು ಮಾಡಲಿ, ನೀವು ಹೋಗಿ. ನಾವು ಹೋದ ದಿನ ಸ್ಟೋರ್ ಕೀಪರ್ ಇರಲಿಲ್ಲ, "ನಾಳೆ ಬರ್ರಿ" ಅಂದ್ರು. ಎರಡನೇ ಸಲ ಹೋದಾಗ ಬೀಗ ತೆಗೆದ್ರು, ಆದರೆ ಕರೆಂಟ್ ಕೊಟ್ಟು ತೋರಿಸೋಕೆ ಒಪ್ಪಲಿಲ್ಲ. ಹೆಚ್ಚಿನ ಕಡೆ ಇದೇ ಕತೆ. ಆದ್ದರಿಂದ ಕರೆಂಟಿಲ್ಲದೆ ಏನು ನೋಡಬಹುದು ಅಂತ ತಿಳ್ಕೊಂಡು ಹೋಗಬೇಕು.

ನಮ್ಮ ಐಟಿಐ ಗೆಳೆಯ ಜೇಬಲ್ಲಿ ಮಲ್ಟಿಮೀಟರ್, ಚೀಲದಲ್ಲಿ ರಿವೈಂಡಿಂಗ್ ಅಂಗಡಿಯಿಂದ ಬಾಡಿಗೆಗೆ ತಂದ 500 ವೋಲ್ಟಿನ ಮೆಗ್ಗರ್ ಇಟ್ಕೊಂಡಿದ್ದ. ಮೊದಲು ಮೂಗು. ಕವರ್ ತೆಗೆದಾಗ ಸುಟ್ಟ ವಾರ್ನಿಷ್ ವಾಸನೆ ಬಂದರೆ ಕಾಯಿಲ್ ಹೋಗಿದೆ ಅಂತಲೇ ತಿಳಿಯಿರಿ. ಆಮೇಲೆ ಕಾಯಿಲ್ ತುದಿಯನ್ನು ಚಾಕುವಿನಿಂದ ಸ್ವಲ್ಪ ಕೆರೆದು ನೋಡಿದ್ದಾಯ್ತು. ಕೆಂಪಗಿದ್ದರೆ ತಾಮ್ರ, ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಮಲ್ಟಿಮೀಟರಿನಲ್ಲಿ ಕಾಯಿಲ್ ಎಲ್ಲೂ ತುಂಡಾಗಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಮೆಗ್ಗರಿನ ಒಂದು ತುದಿ ಕಾಯಿಲಿಗೆ, ಇನ್ನೊಂದು ತುದಿ ಬಾಡಿಗೆ ಹಿಡಿದ. ಒಂದು ಗಾಳಿ ಮಷಿನ್ 20 ಮೆಗಾಓಮ್ ದಾಟಿತು. ಇನ್ನೊಂದು 1ರ ಹತ್ತಿರವೇ ನಿಂತಿತು. ಪೂರ್ತಿ ಸೊನ್ನೆ ಬಂದಿದ್ದರೆ ಬಿಟ್ಟು ಬರ್ತಿದ್ದೆವು. ಸ್ವಲ್ಪವಾದರೂ ತೋರಿಸಿದರೆ ಅದು ಮಳೆ ನೀರಿನ ಪಸೆ ಇರಬಹುದು, ಒಣಗಿಸಿದರೆ ಮೇಲೇರುತ್ತೆ ಅಂತ ಅವನ ಅಂದಾಜು. ಬಿಸಿಲಲ್ಲಿ ನಾಲ್ಕು ದಿನ, ಆಮೇಲೆ ಒಳಗೆ 100 ವ್ಯಾಟಿನ ಹಳೆ ಬಲ್ಬು ಉರಿಸಿಟ್ಟು ಎರಡು ರಾತ್ರಿ. ಆಮೇಲೆ ಅದೂ 15 ತೋರಿಸಿತು.

ಅಲ್ಲೇ ಗುಜರಿ ವ್ಯಾಪಾರಿಗಳೂ ಬಂದಿದ್ದರು. ಅವರು ಮಷಿನ್ ನಡೆಯುತ್ತಾ ಅಂತ ನೋಡಲ್ಲ, ಒಳಗೆ ತಾಮ್ರ ಎಷ್ಟು ಕೆಜಿ ಅಂತ ನೋಡ್ತಾರೆ. ಇದು ನಮಗೆ ಉಪಯೋಗಕ್ಕೆ ಬರುವ ಗುಟ್ಟು. ತಾಮ್ರದ ಮಷಿನ್ ಇರುವ ಲಾಟ್ ಯಾವಾಗಲೂ ಏರುತ್ತೆ, ಅಲ್ಯೂಮಿನಿಯಂ ಕಾಯಿಲ್ ಇರುವ ಲಾಟಿಗೆ ಅವರು ಅಷ್ಟು ಆಸೆ ಪಡಲ್ಲ. ರೈತನ ಕೆಲಸಕ್ಕೆ, ದಿನಕ್ಕೆ ನಾಲ್ಕು ರಾಡ್ ಸುಡೋಕೆ, ಅಲ್ಯೂಮಿನಿಯಂ ಮಷಿನ್ ಸಾಕು. ಬಿಸಿ ಬೇಗ ಆಗದ ಹಾಗೆ ನಡುನಡುವೆ ನಿಲ್ಲಿಸಬೇಕು ಅಷ್ಟೆ.

ಹಳೆ ಇನ್ವರ್ಟರ್ ಮಷಿನ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಬೇಡ. ಅದರ ಬೋರ್ಡ್ ಒಳಗೆ ಏನಾಗಿದೆ ಅಂತ ಅಲ್ಲಿ ನಿಂತು ಹೇಳೋಕೆ ಆಗಲ್ಲ, ಹಲ್ಲಿ ಒಂದು ಸತ್ತು ಬಿದ್ದಿದ್ದರೂ ಸಾಕು ಕೆಟ್ಟಿರುತ್ತೆ. ರಿಪೇರಿಯ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಗ್ಯಾರಂಟಿ ಇರುವ ಹೊಸದೇ ಬರುತ್ತೆ. ಲಾಟಿನಲ್ಲಿ ಗ್ಯಾಸ್ ಸಿಲಿಂಡರ್ ಸೇರಿದ್ದರೆ ಅದನ್ನೂ ಮುಟ್ಟಬೇಡಿ.

ದುಡ್ಡು ಹೋದದ್ದು ಹೀಗೆ

ನಮ್ಮ ಬಿಡ್ 31,500 ರೂಪಾಯಿಗೆ ನಿಂತಿತು. ಕೊನೆಯ ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಸಮಯ ತಾನಾಗೇ ಮುಂದಕ್ಕೆ ಹೋಗುತ್ತೆ, ಆ ಕಾವಿನಲ್ಲಿ ಕೈ ತಡೆಯೋದು ಕಷ್ಟ. ಅದಕ್ಕೇ 32 ಸಾವಿರ ದಾಟಬಾರದು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆವು. ಬಿಡ್ ಮೇಲೆ ಶೇ. 18 ಜಿಎಸ್‌ಟಿ 5,670 ರೂಪಾಯಿ. ಸ್ಕ್ರ್ಯಾಪ್ ಅಂತ ಮಾರಿದ್ದಕ್ಕೆ ಆಗ ಶೇ. 1ರಂತೆ ಟಿಸಿಎಸ್ 372 ರೂಪಾಯಿ. ಇದು ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಸಿಗುತ್ತೆ. ಲೋಡಿಂಗ್ ಕೂಲಿ, ಟೆಂಪೊ ಬಾಡಿಗೆ 4,800. ಎಣ್ಣೆ ಮಷಿನ್ ಎತ್ತೋಕೆ ಆರು ಜನ ಬೇಕಾಯ್ತು. ಹಣ ಕಟ್ಟೋಕೆ, ಸಾಮಾನು ಎತ್ತೋಕೆ ಗಡುವು ಇರುತ್ತೆ, ತಪ್ಪಿದರೆ ದಿನದ ಬಾಡಿಗೆ ಬೀಳುತ್ತೆ. ಮೂರಕ್ಕೂ ಹೊಸ ಕೇಬಲ್, ಹೋಲ್ಡರ್, ಕ್ಲ್ಯಾಂಪ್, ಟರ್ಮಿನಲ್, ಒಂದು ಫ್ಯಾನ್ ಸೇರಿ 9,600. ಒಟ್ಟು 51,942 ರೂಪಾಯಿ, ತಲಾ 17,314.

ಸಿಂಗಲ್ ಫೇಸಿನ ಹೊಸ ಸಣ್ಣ ಇನ್ವರ್ಟರ್ ಇದಕ್ಕಿಂತ ಕಡಿಮೆಗೇ ಸಿಗುತ್ತೆ. ಹಾಗಾದರೆ ನಮಗೆ ಲಾಭ ಏನು ಅಂದರೆ, 4 ಎಂಎಂ ರಾಡಿನಲ್ಲಿ ಟ್ರೇಲರ್ ಚಾಸಿ, ರೋಟವೇಟರ್ ಫ್ರೇಮ್ ಕೂಡಿಸುವ ತಾಕತ್ತು. ಜೊತೆಗೆ ಕೆಟ್ಟರೆ ತಾಲ್ಲೂಕಿನ ಯಾವ ರಿವೈಂಡಿಂಗ್ ಅಂಗಡಿಯಲ್ಲೂ ಸರಿಯಾಗುವ ಸರಳ ಯಂತ್ರ. ಗೆಳೆಯ ಸುಗ್ಗಿಯಲ್ಲಿ ಊರವರ ಕೆಲಸವನ್ನೂ ಹಿಡಿದ. ಆ ಕೆಲಸ ಇಲ್ಲದಿದ್ದರೆ ಈ ಲೆಕ್ಕ ಕೂಡ್ತಿರಲಿಲ್ಲ.

ತಂದ ಮೇಲೆ ಒಂದೇ ವಿಷಯಕ್ಕೆ ಜಿಪುಣತನ ಬೇಡ: ಮಷಿನ್ನಿನ ಬಾಡಿಗೆ ಸರಿಯಾದ ಅರ್ತಿಂಗ್. ಒದ್ದೆ ನೆಲ, ಒದ್ದೆ ಕೈಯಲ್ಲಿ 75 ವೋಲ್ಟ್ ಕೂಡ ಜೀವ ತೆಗೆಯುತ್ತೆ. ಹೊಲದಿಂದ ನೇರ ಬಂದು ಕೆಸರುಗಾಲಲ್ಲಿ ರಾಡ್ ಹಿಡಿಯೋ ಅಭ್ಯಾಸ ನಮ್ಮವರಿಗೆ ಜಾಸ್ತಿ. ಒಣ ಚರ್ಮದ ಗ್ಲೌಸ್, ಬೂಟು, ಮುಖಕ್ಕೆ ಶೀಲ್ಡ್, ಇಷ್ಟಂತೂ ಬೇಕೇ ಬೇಕು. ಕಪ್ಪು ಕನ್ನಡಕ ಶೀಲ್ಡಿನ ಕೆಲಸ ಮಾಡಲ್ಲ.

ಎಣ್ಣೆ ಮಷಿನ್ನಿನ ಎಣ್ಣೆ ಬದಲಿಸುವಾಗ ಓಣಿಯ ಅಜ್ಜಿ ಒಬ್ಬರು ಬಾಟಲಿ ಹಿಡ್ಕೊಂಡು ಬಂದರು, ಮಂಡಿ ನೋವಿಗೆ ಹಚ್ಚಿಕೊಳ್ಳೋಕೆ. ಟ್ರಾನ್ಸ್‌ಫಾರ್ಮರ್ ಎಣ್ಣೆ ನೋವಿಗೆ ಮದ್ದು ಅನ್ನೋ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಹಳೆಯ ಕೆಲವು ಎಣ್ಣೆಗಳಲ್ಲಿ ಪಿಸಿಬಿ ಅನ್ನುವ ವಿಷ ಇರಬಹುದು, ಅದು ಚರ್ಮದ ಮೂಲಕವೂ ಮೈ ಸೇರುತ್ತೆ, ಕ್ಯಾನ್ಸರಿಗೂ ಕಾರಣ ಆಗುತ್ತೆ. ನೋಡಿದರೆ, ಮೂಸಿದರೆ ಗೊತ್ತಾಗಲ್ಲ. "ಅಜ್ಜೀ, ಇದು ಬ್ಯಾಡ, ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಅಂದೆ. ಬೈಕೊಂಡೇ ಹೋದರು. ಗೆದ್ದಲಿಗೆ ಸುರಿಯೋದು, ಬಾಗಿಲಿಗೆ ಬಳಿಯೋದು, ಒಲೆಗೆ ಹಾಕೋದು ಯಾವುದೂ ಬೇಡ. ನಾವು ಗ್ಲೌಸ್ ಹಾಕಿಕೊಂಡು ಎಣ್ಣೆ ಇಳಿಸಿ, ಮುಚ್ಚಳ ಬಿಗಿದ ಕ್ಯಾನಿನಲ್ಲಿ ಗಿರಣಿಯ ಹಿಂದಿನ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದೀವಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೇ ಅದನ್ನು ಕೊಡಬೇಕು.