ಹೂಂಗುಟ್ಟುವ ಮೇಷ್ಟ್ರು ಬೇಕು

ಮಾದನಹಿಪ್ಪರಗಾ ಆಳಂದ ತಾಲ್ಲೂಕಿನ ಹೋಬಳಿ ಊರು. ಮಹಾರಾಷ್ಟ್ರದ ಗಡಿ ಹತ್ತಿರ; ಅಕ್ಕಲಕೋಟೆ, ಸೊಲ್ಲಾಪುರಗಳ ಜತೆ ವ್ಯಾಪಾರವೂ ಇದೆ, ಬೀಗತನವೂ ಇದೆ. ಈ ಸೀಮೆಯ ಶಾಲೆಗಳಿಗೆ ಮಕ್ಕಳು ಮನೆಯಿಂದ ತರುವ ಮಾತು ಕಲಬುರಗಿ ಕನ್ನಡ, ಮರಾಠಿ, ದಖನಿ ಉರ್ದು, ಲಂಬಾಣಿ. ಇಂಥ ತರಗತಿಯಲ್ಲಿ ‘ಒಂದು ಕಥೆ ಬರೆಯಿರಿ’ ಎಂದರೆ ಹೆಚ್ಚಿನ ನೋಟ್‌ಬುಕ್ಕುಗಳಲ್ಲಿ ಕಾಣಿಸಿಕೊಳ್ಳುವುದು ಬಾಯಾರಿದ ಕಾಗೆ, ಕೊನೆಗೊಂದು ನೀತಿ. ತೊಗರಿ ಹೊಲದ ನಡುವೆ ಬೆಳೆದ ಮಗುವಿಗೆ ಆ ಹೂಜಿಯ ಕಾಗೆ ಬಿಟ್ಟರೆ ಬೇರೆ ಗತಿಯೇ ಇಲ್ಲವೆ?

ಅದೇ ಮಗುವನ್ನು ಬಿಸಿಯೂಟದ ಹೊತ್ತಿನಲ್ಲಿ ಮಾತಿಗೆಳೆಯಿರಿ. “ನಮ್ ಮುತ್ಯಾ ರಾತ್ರಿ ಹೊಲಕ್ಕ ಹೋಗಿದ್ದ್ರಿ, ತೊಗರ್ಯಾಗ ಏನೋ ಸರಸರ ಅಂತು...” ಎಂದು ಶುರುವಾಗಬಹುದು. ಆಗ ಕೇಳಬೇಕಾದ್ದು ಒಂದೇ: ಮುಂದೇನಾತು? ನಮ್ಮ ಅಜ್ಜಿಯರು ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಲೇಬೇಕಿತ್ತು; ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಮೇಷ್ಟ್ರ ಮೊದಲ ಕೆಲಸ ಅದೇ. ಕೆಂಪು ಪೆನ್ನು ಆಮೇಲೆ.

ಬೆಳಗಾವಿಯಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಕನ್ನಡದ ಜನಪದ ಕಥೆಗಳನ್ನು ಕೂಡಿಸಿದವರು. ಅವುಗಳಲ್ಲಿ ಒಬ್ಬ ಗೃಹಿಣಿಯ ಕಥೆಯಿದೆ. ಅವಳಿಗೆ ಒಂದು ಕಥೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಳು. ಒಳಗೇ ಉಸಿರುಗಟ್ಟಿದ ಅವು, ಅವಳು ಬಾಯಿ ತೆರೆದು ಮಲಗಿದಾಗ ಹೊರಬಿದ್ದು ಒಂದು ಜೋಡಾಯಿತು, ಇನ್ನೊಂದು ಗಂಡಸಿನ ಕೋಟಾಯಿತು. ಗಂಡನಿಗೆ ಸಂಶಯ, ಮನೆಯಲ್ಲಿ ಜಗಳ. ಹನುಮಪ್ಪನ ಗುಡಿಯಲ್ಲಿ ಮಲಗಲು ಹೋದ ಅವನಿಗೆ, ಊರ ದೀಪಗಳು ರಾತ್ರಿ ಕೂಡಿ ಆಡುವ ಮಾತಿನಿಂದ ನಿಜ ತಿಳಿಯುತ್ತದೆ. ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ ಅವಳಿಗೆ ಎರಡೂ ಮರೆತುಹೋಗಿವೆ! ಶಿಕ್ಷಕರ ತರಬೇತಿಯಲ್ಲಿ ಈ ಕಥೆಯೊಂದನ್ನೇ ಹೇಳಿ ಕಳಿಸಿದರೂ ಸಾಕೆನಿಸುತ್ತದೆ.

ಕೆಲಸದ ದಾರಿ ಸರಳ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯಬೇಕು. ನ್ಯೂಜಿಲೆಂಡಿನ ಸಿಲ್ವಿಯಾ ಆಷ್ಟನ್-ವಾರ್ನರ್ ಮಾವೋರಿ ಮಕ್ಕಳಿಗೆ ಓದು ಕಲಿಸಿದ್ದು ಅವರ ಬಾಯಿಂದಲೇ ಬಂದ ಪದಗಳಿಂದ. ಮರುದಿನ ತರಗತಿಯೆಲ್ಲ ಕೂಡಿ ತಿದ್ದಲಿ: ನಿರೂಪಣೆಯಲ್ಲಿ ‘ಹೊಲದಲ್ಲಿ’ ಬರಲಿ, ಮುತ್ಯಾನ ಬಾಯಲ್ಲಿ ‘ಹೊಲದಾಗ’ ಹಾಗೇ ಇರಲಿ. ಗ್ರಂಥದ ಭಾಷೆಯೂ ಆಡುಮಾತೂ ಎಲ್ಲೆಲ್ಲಿ ನಿಲ್ಲಬೇಕೆಂದು ವ್ಯಾಕರಣದ ಪಾಠಕ್ಕಿಂತ ಬೇಗ ತಿಳಿಯುತ್ತದೆ. ಲಂಬಾಣಿ ಮಗು ತನ್ನ ಮಾತಿನಲ್ಲೇ ಹೇಳಲಿ. ಪಕ್ಕದ ಗೆಳತಿ ಕನ್ನಡಕ್ಕೆ ತಂದಾಳು.

ಏನೂ ಹೊಳೆಯದ ಮಗುವಿಗೆ ಇಟಲಿಯ ಜಾನಿ ರೊದಾರಿಯ ಉಪಾಯವಿದೆ. ಕಲ್ಪನೆಯ ವ್ಯಾಕರಣದ ಬಗ್ಗೆ 1973ರಲ್ಲಿ ಪುಸ್ತಕ ತಂದ ಆತ, ಸಂಬಂಧವಿಲ್ಲದ ಎರಡು ಪದ ಕೊಟ್ಟು ಕಥೆ ಹುಟ್ಟಿಸುತ್ತಿದ್ದ. ನಮ್ಮಲ್ಲಿ ಟಂಟಂ ಮತ್ತು ಕೌದಿ ಕೊಡಿ. ಕೌದಿ ಟಂಟಂ ಹತ್ತಿ ಗಾಣಗಾಪುರಕ್ಕೆ ಯಾಕೆ ಹೋಯಿತು ಎಂಬುದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.

ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಯ ಬಗ್ಗೆ ನನಗೆ ತಕರಾರಿದೆ. ದೊಡ್ಡವರು ಬರೆದುಕೊಟ್ಟದ್ದನ್ನು ಕೈ ಬೀಸಿ ಒಪ್ಪಿಸುವುದಕ್ಕೆ ಬಹುಮಾನ ಸಿಕ್ಕರೆ, ಸ್ವಂತ ಕಥೆ ತಂದ ಮಗು ಹಿಂದಿನ ಸಾಲಿಗೆ ಹೋಗುತ್ತದೆ.

ಸರಕಾರಿ ಶಾಲೆಗಳಲ್ಲಿ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಇದೆಯಲ್ಲ, ಅದರಲ್ಲಿ ಒಂದು ಪೀರಿಯಡ್ ಇದಕ್ಕೆ ಕೊಡಿ, ಗುರುಗಳೇ. ಬರೆದದ್ದನ್ನು ಗೋಡೆ ಪತ್ರಿಕೆಗೆ ಹಚ್ಚಿ, ಮಗುವಿನ ಹೆಸರು ದೊಡ್ಡದಾಗಿ ಬರೆಯಿರಿ. ಅಂಕ ಮಾತ್ರ ಹಾಕಬೇಡಿ.