ಗುಳಿಗಿ ಬಿಡೂದಲ್ರಿ, ಮೊದಲ ತೋರಸೂದು: ಬಸಿರಿಗೂ ಮುಂಚಿನ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಚಿಕ್ಕದು ಮಾಡಿದೆ.)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಂದ ಕೇಳಾಕತ್ತೀರೋ, ಇಯರ್‌ಫೋನ್ ಹಾಕ್ಕೊಳ್ರಿ. ಯಾಕಂದ್ರ ಇವತ್ತಿನ ಮಾತು ನಮ್ಮ ಮನ್ಯಾಗ ಯಾರೂ ಜೋರಾಗಿ ಆಡೂದಿಲ್ಲ.

ನನಗ ಥೈರಾಯ್ಡ್ ಐತಿ. ದಿನಾ ಮುಂಜಾನೆ ಖಾಲಿ ಹೊಟ್ಟಿಲೆ ಒಂದು ಗುಳಿಗಿ. ಮದುವಿಯಾಗಿ ಆರು ತಿಂಗಳಿಗೆ ಹಿರಿಯರೊಬ್ಬರು, "ಕೂಸು ಬೇಕಂದ್ರ ಮೊದಲ ಆ ಗುಳಿಗಿ ಬಿಡವಾ, ಉಷ್ಣ ಆಗತೈತಿ" ಅಂದ್ರು. ಪ್ರೀತಿಯಿಂದನ ಅಂದ್ರು. ನಾನೂ ಹನ್ನೆರಡು ದಿನ ಬಿಟ್ಟೆ. ಆಮ್ಯಾಲೆ ಡಾಕ್ಟರ್ ಕಡೆ ಹೋದಾಗ ಗೊತ್ತಾತು, ನಾ ಮಾಡಿದ್ದು ಪೂರಾ ಉಲ್ಟಾ. ಮೊದಲ ತಿಂಗಳುಗಳಲ್ಲಿ ಕೂಸಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನ್ ಮೇಲೆಯೇ. ಆಗ ಗುಳಿಗಿ ಬಿಡುವುದಲ್ಲ, ಡೋಸ್ ಹೆಚ್ಚು ಬೇಕಾಗುವುದೇ ಜಾಸ್ತಿ.

ನಾನು ಬಿ.ಕಾಂ ಓದಿದಾಕಿ, ಡಾಕ್ಟರ್ ಅಲ್ಲ. ಆದರೆ ಲೆಕ್ಕ ನೋಡೋದು ಬರ್ತೈತಿ. ಅದಕ್ಕ ಮೊದಲು ತಾರೀಖಿನ ಲೆಕ್ಕ ನೋಡೋಣು.

ತಾರೀಖಿನ ಲೆಕ್ಕ

ಮುಟ್ಟು ತಪ್ಪಿದ ದಿನಕ್ಕೆ ಗರ್ಭ ಕಟ್ಟಿ ಸುಮಾರು 14 ದಿನ ಆಗಿರುತ್ತದೆ. ಕೂಸಿನ ಮೆದುಳು, ಬೆನ್ನುಹುರಿ ಆಗುವ ನರಕೊಳವೆ ಮುಚ್ಚುವುದು ಸುಮಾರು 28ನೇ ದಿನಕ್ಕೆ. ಅಂದ್ರ ನಮಗೆ ಅನುಮಾನ ಬರೂದ್ರಾಗ ಅರ್ಧ ಟೈಮ್ ಮುಗಿದಿರ್ತೈತಿ. "ಮುಂದಿನ ವಾರ ಟೆಸ್ಟ್ ಮಾಡೋಣು" ಅಂದ್ರ ಇನ್ನೊಂದು ವಾರ ಹೋತು.

ಈಗ ನಮ್ಮ ವ್ಯವಸ್ಥೆ ನೋಡ್ರಿ. ತಾಯಿ ಕಾರ್ಡ್ ಸಿಗುವುದು ಬಸುರಿ ಅಂತ ನೋಂದಣಿ ಆದ ಮೇಲೆ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ದವಾಖಾನಿಯಲ್ಲಿ ನಡೆಯುವ ವಿಶೇಷ ತಪಾಸಣೆ ಮುಖ್ಯವಾಗಿ ಮೂರು ತಿಂಗಳು ತುಂಬಿದವರಿಗೆ. ಎರಡೂ ಬೇಕೇ ಬೇಕು. ಆದರೆ ಗುಳಿಗಿಯ ಪ್ರಶ್ನೆಗೆ ಎರಡೂ ತಡ.

ನಮ್ಮ ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನವರು ಸೇರಿ ನಾಲ್ಕು ದೇಶಗಳಲ್ಲಿ ಒಂದು ಅಧ್ಯಯನ ನಡೆಯಿತು. ಕೆಲವರಿಗೆ ಗರ್ಭಕ್ಕೆ ಮೂರು ತಿಂಗಳು ಮೊದಲೇ ಪೌಷ್ಟಿಕ ಆಹಾರ ಶುರು, ಕೆಲವರಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ, ಕೆಲವರಿಗೆ ಇಲ್ಲ. 2019ರಲ್ಲಿ ಫಲಿತಾಂಶ ಬಂತು: ಆಹಾರ ಸಿಕ್ಕ ಎರಡೂ ಗುಂಪಿನ ಕೂಸುಗಳು ಹುಟ್ಟುವಾಗ ಹೆಚ್ಚು ಉದ್ದ ಇದ್ದವು. ತಡವಾಗಿ ಶುರು ಮಾಡಿದರೂ ಅಲ್ಲಿ ಲಾಭ ಸಿಕ್ತು. ನರಕೊಳವೆಗೆ ಆ ರಿಯಾಯಿತಿ ಇಲ್ರಿ.

ಯಾವ ಗುಳಿಗಿ?

ಫಿಟ್ಸ್‌ನಿಂದ ಶುರು ಮಾಡ್ತೀನಿ, ಯಾಕಂದ್ರ ಇದನ್ನ ಮದುವೆಯಲ್ಲಿ ಹೇಳಿರೂದಿಲ್ಲ. ಅತ್ತೆಮನೆಯಲ್ಲಿ ಸೀರೆ ನಡುವೆ ಮುಚ್ಚಿಟ್ಟು ಗುಳಿಗಿ ತಗೊಳ್ಳೋ ಹೆಣ್ಮಕ್ಕಳು ಇದ್ದಾರ. ಮುಚ್ಚಿಟ್ಟಾಗ ಕೇಳುವುದು ಯಾರನ್ನ? ಸೋಡಿಯಂ ವ್ಯಾಲ್‌ಪ್ರೋಯೇಟ್ ಎಂಬ ಔಷಧ ತೆಗೆದುಕೊಳ್ಳುವಾಗ ಗರ್ಭಿಣಿಯಾದರೆ 100ರಲ್ಲಿ ಸುಮಾರು 10 ಕೂಸುಗಳಿಗೆ ಹುಟ್ಟು ನ್ಯೂನತೆ, 30ರಿಂದ 40 ಮಕ್ಕಳಿಗೆ ಕಲಿಕೆ-ಬೆಳವಣಿಗೆಯ ತೊಂದರೆ ಬರಬಹುದು. ಆದರೆ ಹೆದರಿ ಇವತ್ತೇ ನಿಲ್ಲಿಸಿದರೆ ದೊಡ್ಡ ಫಿಟ್ಸ್ ಬಂದು ತಾಯಿಯ ಜೀವಕ್ಕೇ ಕುತ್ತು. ದಾರಿ ಒಂದೇ: ಗರ್ಭ ತಡೆಯುವ ಸಾಧನ ಬಿಡುವ ಮುಂಚೆ ನರರೋಗ ತಜ್ಞರನ್ನು ನೋಡುವುದು. ಲೆವೆಟಿರಾಸೆಟಮ್, ಲ್ಯಾಮೊಟ್ರಿಜಿನ್‌ನಂಥ ಕಡಿಮೆ ಅಪಾಯದ ಔಷಧಗಳಿವೆ, ಆದರೆ ಬದಲಾಯಿಸಲು ತಿಂಗಳುಗಳೇ ಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಇಂಥ ತಾಯಂದಿರ ದಾಖಲೆ ಇಡಲಾಗುತ್ತಿದೆ. ಅವರಲ್ಲಿ ಬಹುಪಾಲು ಜನರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟಿವೆ. ಇದನ್ನ ಜೋರಾಗಿ ಹೇಳ್ರಿ.

ಉಳಿದದ್ದು ಚುಟುಕಾಗಿ. ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಇದ್ದರೆ ಕೂಸಿನ ಕಿಡ್ನಿಗೆ ಪೆಟ್ಟು ಬೀಳಬಹುದು. ಡಾಕ್ಟರ್ ಲ್ಯಾಬೆಟಾಲಾಲ್‌ನಂಥದ್ದಕ್ಕೆ ಬದಲಿಸುತ್ತಾರೆ. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಕ್ಯಾಪ್ಸೂಲ್ ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ನಿಂತಿರಲೇಬೇಕು. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುವ ಮೆಥೋಟ್ರೆಕ್ಸೇಟ್ ಕೂಡ ಮುಂಚೆಯೇ ನಿಲ್ಲಬೇಕು, ಎಷ್ಟು ಮುಂಚೆ ಅಂತ ಡಾಕ್ಟರ್ ಹೇಳ್ತಾರ. ಶುಗರ್ ಇದ್ದವರು ಮೊದಲು ಹತೋಟಿಗೆ ತಂದು ಆಮೇಲೆ ಮುಂದುವರಿಯಬೇಕು.

ಎಲ್ಲರಿಗೂ ಬೇಕಾದದ್ದು ಫೋಲಿಕ್ ಆಸಿಡ್: ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿಂದ ಮೂರು ತಿಂಗಳು ತುಂಬುವವರೆಗೆ. ಮೆಡಿಕಲ್‌ದಾಗ ಹೆಚ್ಚಾಗಿ ಸಿಗುವುದು 5 ಮಿಲಿಗ್ರಾಂ, ಅಂದ್ರ 5000 ಮೈಕ್ರೋಗ್ರಾಂ. ಅಷ್ಟು ದೊಡ್ಡ ಡೋಸ್ ಶುಗರ್, ಫಿಟ್ಸ್ ಇರುವವರಿಗೆ, ಹಿಂದಿನ ಕೂಸಿಗೆ ನರಕೊಳವೆ ತೊಂದರೆ ಆದವರಿಗೆ ಡಾಕ್ಟರ್ ಬರೆಯುವಂಥದ್ದು. ಚೀಟಿ ಇಲ್ಲದೆ ತಗೋಬ್ಯಾಡ್ರಿ.

ಎರಡು ರಾಜ್ಯ, ಎರಡು ಫೈಲ್

ನಮ್ಮ ಕಡೆ ಇನ್ನೊಂದು ತೊಡಕು ಐತಿ. ಕಾಗವಾಡದವರು ಮಿರಜಕ್ಕ ಹೋಗ್ತಾರ, ನಿಪ್ಪಾಣಿಯವರು ಕೊಲ್ಹಾಪುರಕ್ಕ. ಫಿಟ್ಸ್ ಡಾಕ್ಟರ್ ಅಲ್ಲಿ, ಹೆರಿಗಿ ಡಾಕ್ಟರ್ ಇಲ್ಲಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರೂದಿಲ್ಲ. ಇಬ್ಬರಿಗೂ ಗೊತ್ತಾಗಬೇಕಂದ್ರ ನಡುವ ಇರೋ ನೀವೇ ಹೇಳಬೇಕು.

ಅದಕ್ಕ ಇವತ್ತ ರಾತ್ರಿ ಇಷ್ಟು ಮಾಡ್ರಿ. ನೀವು ತಗೊಳ್ಳೋ ಪ್ರತಿ ಗುಳಿಗಿ ಪಾಕೀಟಿನ ಹಿಂಬದಿ ಫೋಟೋ ಹೊಡೀರಿ. ಕಂಪನಿ ಹೆಸರು ದೊಡ್ಡದಾಗಿರ್ತೈತಿ, ನಮಗ ಬೇಕಾದ್ದು ಕೆಳಗ ಸಣ್ಣಕ್ಷರದಾಗಿರೋ ಔಷಧದ ಹೆಸರು. ನಾಟಿ ಔಷಧಿ, ಚೂರ್ಣ, ಮೆಡಿಕಲ್‌ದಾಗ ಕೇಳಿ ತಂದ ನೋವಿನ ಗುಳಿಗಿ, ಎಲ್ಲಾ ಸೇರಲಿ. ಹಲ್ಲಿಗೆ ಹಚ್ಚೋ ಮಿಶ್ರಿನೂ ತಂಬಾಕೇ. ಬೀಡಿ ಕಟ್ಟುವವರಾದರೆ ಅದನ್ನೂ ಹೇಳ್ರಿ. ಆಮೇಲೆ ಗಂಡನನ್ನು ಕರಕೊಂಡು ತಾಲೂಕು ದವಾಖಾನಿಗೋ, ನೀವು ನಂಬುವ ಡಾಕ್ಟರ್ ಕಡೆಗೋ ಹೋಗಿ ಒಂದೇ ಮಾತು ಕೇಳ್ರಿ: "ನಾವು ಕೂಸಿನ ವಿಚಾರ ಮಾಡಾಕತ್ತೀವಿ. ಇದರಾಗ ಯಾವುದು ಇರಲಿ, ಯಾವುದು ಬದಲಿಸಬೇಕು?"

ಈಗಾಗಲೇ ಮುಟ್ಟು ತಪ್ಪಿದ್ದರೆ? ಗಾಬರಿ ಬ್ಯಾಡ. ಗುಳಿಗಿ ತಾವಾಗೇ ಬಿಡಬ್ಯಾಡ್ರಿ, ನಾಳೆ ಅಂತ ತಳ್ಳಬ್ಯಾಡ್ರಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡ್ರಿ.

"ಏನವಾ, ಏನರ ವಿಶೇಷ?" ಅಂತ ಕೇಳೋರು ಮದುವಿ ಮರುದಿನದಿಂದನ ಇರ್ತಾರ. "ಯಾವ ಗುಳಿಗಿ ತಗೊಳ್ಳಾಕತ್ತೀ?" ಅಂತ ಕೇಳೋರು ಒಬ್ಬರೂ ಇಲ್ಲ. ನಿಮ್ಮ ಗೆಳತಿಗೆ, ನಾದಿನಿಗೆ, ತಂಗಿಗೆ ಆ ಪ್ರಶ್ನೆ ನೀವು ಕೇಳ್ರಿ. ಮುಂದಿನ ವಾರ ಸಿಗೋಣು.